ಭುಜದ ಅಳತೆ

ಫ್ರಾಕು ಭುಜದ ಹತ್ತಿರ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಬರಲೊಲ್ಲದು, ಕೆಳಕ್ಕೂ ಇಳಿಯಲೊಲ್ಲದು. ಯೂನಿಫಾರ್ಮಿನ ಮೇಲೇ ಹಾಕಿಕೊಳ್ಳುವ ಆತುರ ಬೇರೆ. ಎರಡೂ ಕೈ ಮೇಲೆತ್ತಿ, ಮುಖದ ತುಂಬ ನೀಲಿ ಬಟ್ಟೆ ಹೊದ್ದು, ಹದಿನಾರು ವರ್ಷದ ಹುಡುಗಿ ಕೋಣೆಯ ನಡುವೆ ಕಂಬದ ಹಾಗೆ ನಿಂತಿದ್ದಳು. ಎಳೆದು ಬಿಡಿಸಲು ಒಬ್ಬರು ಬೇಕಿತ್ತು. ಅಮ್ಮ ಇಲ್ಲದ ಮನೆ. ಕರೆದರೆ ಬರುವಂಥ ಗೆಳತಿ ಕ್ಲಾಸಿನಲ್ಲೂ ಇರಲಿಲ್ಲ, ಬೀದಿಯಲ್ಲೂ ಇರಲಿಲ್ಲ. ಗೋಡೆಯಾಚೆ ಅಂಗಡಿಯಲ್ಲಿ ಅಪ್ಪನ ಹೊಲಿಗೆ ಮಿಷನ್ನು ಓಡುತ್ತಿತ್ತು. ಆದರೆ ಅಪ್ಪನನ್ನು ಕರೆಯುವ ಹಾಗಿರಲಿಲ್ಲ. ಫ್ರಾಕು ಹೊಲಿದವನು ಅಣ್ಣ. ಮೂರು ವರ್ಷದಿಂದ ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತಿರಲಿಲ್ಲ.

ಮೊದಲು ಕಾಗದ ಬರೆದವಳು ಅವಳೇ. ಅಂಗಡಿಗೆ ಗುಂಡಿ, ದಾರ ತರುವ, ಊರೂರು ತಿರುಗುವ ವ್ಯಾಪಾರಿಯನ್ನು ಕಾಡಿ ಬೇಡಿ ಅಣ್ಣನ ವಿಳಾಸ ಇಸಕೊಂಡು, 'ಅವತ್ತಿನ ತಪ್ಪು ನನ್ನದು, ನನ್ನ ಜೊತೆ ಮಾತಾಡು' ಅಂತ ಎರಡು ಸಾಲು ಹಾಕಿದ್ದಳು. ತಿಂಗಳಾಯಿತು, ಉತ್ತರವಿಲ್ಲ. ಇವತ್ತು ಶಾಲೆಯಿಂದ ಬರುವಾಗ ಪೋಸ್ಟ್‌ಮ್ಯಾನ್ ಪಾರ್ಸೆಲ್ಲು ಕೈಗಿಟ್ಟ. ಒಳಗೆ ಫ್ರಾಕು, ಅದಕ್ಕೆ ಸುತ್ತಿದ ಕಾಗದದ ಮೇಲೆ 'ಬಾಬಿನ್‌ಗೆ' ಅಂತ ಒಂದೇ ಮಾತು. ಮಿಷನ್ನಿನೊಳಗೆ ದಾರ ಸುತ್ತಿಡುವ ಪುಟ್ಟ ಉರುಳೆಯ ಹಾಗೆ ಗುಂಡುಗುಂಡಗೆ ಇದ್ದಾಗ ಅಣ್ಣ ಇಟ್ಟ ಹೆಸರದು. ಬೇರೆ ಒಂದಕ್ಷರ ಇಲ್ಲ. ಎರಡು ಸಲ ಕೊಡವಿ ನೋಡಿದಳು. ಕ್ಷಮಿಸಿದ್ದಾನೋ, ಪೀಡೆ ಕಳೆದರೆ ಸಾಕು ಅಂತ ಕಳಿಸಿದ್ದಾನೋ ತಿಳಿಯಲಿಲ್ಲ.

ಅವತ್ತು ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ. ಒಬ್ಬ ಮದುಮಗನ ಕೋಟಿಗೆ ಅಣ್ಣ ಅಳತೆ ಹಿಡಿದು ಕೂಗುತ್ತಿದ್ದ, ಇವಳು ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದಳು. ತೊಡೆಯ ಮೇಲೊಂದು ಕಥೆಪುಸ್ತಕ. ಮೇಲಿನ ಸಾಲಿನ ಗಿರಾಕಿಯ ತೋಳಿನ ಅಳತೆಯೇ ಮದುಮಗನ ಸಾಲಿಗೂ ಬಿತ್ತು. ಅಣ್ಣ ಪುಸ್ತಕ ನಂಬಿ ಕತ್ತರಿ ಹಾಕಿದ. ಮದುವೆಯ ಹಿಂದಿನ ದಿನ ನೋಡಿದರೆ ತೋಳು ಮೂರಿಂಚು ಗಿಡ್ಡ. ಗಿರಾಕಿಯ ಎದುರಿಗೇ ಅಪ್ಪ ಅಣ್ಣನ ಕೆನ್ನೆಗೆ ಬಾರಿಸಿದ. ತಾನು ಕೂಗಿದ್ದೇನು ಅಂತ ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಇವಳ ಕಡೆ ಒಮ್ಮೆ ನೋಡಿದ, ಅಷ್ಟೇ. ಇವಳ ಬಾಯಿಗೆ ಬೀಗ. ಸಂಜೆ ಅವನು ತನ್ನ ಕತ್ತರಿ ತಗೊಂಡು, ಅಳತೆ ಪುಸ್ತಕದ ಒಂದು ಹಾಳೆ ಹರಿದುಕೊಂಡು ಹೊರಟುಹೋದ. ಆಮೇಲೆ ನೋಡಿದರೆ, ಅದು ಇವಳದೇ ಅಳತೆ ಇದ್ದ ಹಾಳೆ. ಸಿಟ್ಟಿಗೆ ಹರಿದಿದ್ದಾನೆ ಅಂದುಕೊಂಡು ಮೂರು ವರ್ಷ ಅತ್ತಿದ್ದಳು.

ಈಗ ನೀಲಿ ಬಟ್ಟೆಯೊಳಗೆ ಕೈಯೆತ್ತಿ ನಿಂತವಳಿಗೆ ವಿಷಯ ಹೊಳೆಯಿತು. ಅಣ್ಣ ಆ ಹಾಳೆ ಇಟ್ಟುಕೊಂಡಿದ್ದಾನೆ. ಅದನ್ನೇ ಎದುರಿಗಿಟ್ಟುಕೊಂಡು ಹದಿಮೂರು ವರ್ಷದವಳಿಗೆ ಹೊಲಿದಿದ್ದಾನೆ. ಬಿಡಿಸಿಕೊಳ್ಳಲು ಜಗ್ಗಿದಳು. ಅಣ್ಣನ ಹೊಲಿಗೆ, ಒಂದೆಳೆ ಕಿತ್ತು ಬರಲಿಲ್ಲ. ಕಾಲಿಗೆ ಸ್ಟೂಲು ತಾಗಿ ದಡಾರನೆ ಬಿತ್ತು. ಮಿಷನ್ನು ನಿಂತಿತು.

"ಅಲ್ಲಾಡಬೇಡ," ಅಂತ ಅಪ್ಪನ ದನಿ ಹತ್ತಿರದಲ್ಲೇ ಕೇಳಿತು. ಬ್ಲೇಡಿನಿಂದ ಪಕ್ಕದ ಹೊಲಿಗೆ ಒಂದಿಷ್ಟು ಬಿಚ್ಚಿ ಫ್ರಾಕನ್ನು ಮೆಲ್ಲಗೆ ಮೇಲೆತ್ತಿದ. ಒಳಹೊರಗು ಮಾಡಿ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದ. ತಾನೇ ಕಲಿಸಿದ ಕೈ, ಗುರುತು ಸಿಗದೆ ಇರುತ್ತದೆಯೇ? ಯಾರು ಹೊಲಿದದ್ದು ಅಂತ ಕೇಳಲೇ ಇಲ್ಲ.

"ಅಪ್ಪಾ, ಅವತ್ತು ಅಳತೆ ತಪ್ಪು ಬರೆದಿದ್ದು ನಾನು. ಅಣ್ಣ ಅಲ್ಲ."

"ಗೊತ್ತು," ಅಂದ ಅಪ್ಪ. "ಮಾರನೇ ದಿನ ಪುಸ್ತಕ ತೆಗೆದು ನೋಡಿದೆ. ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ?"

"ಮತ್ತೆ ಅವನನ್ನ ಯಾಕೆ ಕರೀಲಿಲ್ಲ?"

"ಅವನೇ ಬರ್ತಾನೆ ಅಂದ್ಕೊಂಡೆ. ಆಮೇಲೆ ತಡ ಆಗೋಯ್ತು."

ಅವಳಿಗೆ ಅಳು ಬಂತು, ಅದರ ಹಿಂದೆಯೇ ಕೆಟ್ಟ ಸಿಟ್ಟೂ ಬಂತು. ಮೂರು ವರ್ಷ ಒಂದೇ ಗುಟ್ಟನ್ನು ಇಬ್ಬರೂ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು ಕಾಪಾಡಿದ್ದರು. ಅಪ್ಪ ಫ್ರಾಕನ್ನು ಅವಳ ಬೆನ್ನಿಗೆ ಹಿಡಿದು ನೋಡಿದ. ಏಣಿ ಥರ ಬೆಳೆದುಬಿಟ್ಟಿದೀಯ, ಅವನಿಗೇನು ಗೊತ್ತು ಪಾಪ, ಅಂತ ಗೊಣಗಿದ. ಆಮೇಲೆ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ. ಸ್ನಾನಕ್ಕೆ, ನಿದ್ದೆಗೆ ಬಿಟ್ಟರೆ ಅದು ಅವನ ಕುತ್ತಿಗೆಯಿಂದ ಇಳಿಯುತ್ತಿರಲಿಲ್ಲ.

"ಹೊಸ ಅಳತೆ ಬರೆದಿಡು. ಪೋಸ್ಟಿಗೆ ನಾನೇ ಹಾಕ್ತೀನಿ," ಅಂದು ಅಂಗಡಿಗೆ ಹೋದ.

ಅವಳು ಬಿಳಿ ಹಾಳೆ ತಗೊಂಡು ಕೂತಳು. ಎದೆ, ಸೊಂಟ, ಉದ್ದ, ತೋಳು, ಒಂದೊಂದನ್ನೂ ಎರಡೆರಡು ಸಲ ಹಿಡಿದು ನೋಡಿ ಬರೆದಳು. ಭುಜಕ್ಕೆ ಬಂದಾಗ ಮಾತ್ರ ಟೇಪು ಕೈಕೊಟ್ಟಿತು. ಬೆನ್ನ ಹಿಂದಿನಿಂದ ಈ ತುದಿಗೊಂದು ಬೆರಳು, ಆ ತುದಿಗೊಂದು ಬೆರಳು ಇಡಬೇಕು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತದೆ. ಗೋಡೆಗೆ ಒತ್ತಿ ನಿಂತಳು. ಗಲ್ಲದಡಿ ಒತ್ತಿಹಿಡಿದಳು. ಆಗಲಿಲ್ಲ. ಹಿಂದೆಲ್ಲ ಅಣ್ಣ ಬೆನ್ನಿಗೆ ಮೆಲ್ಲಗೆ ಗುದ್ದಿ, ನೆಟ್ಟಗೆ ನಿಲ್ಲೇ ಬಾಬಿನ್, ಅನ್ನುತ್ತಿದ್ದ. ಆಚೆ ಮಿಷನ್ನು ಇನ್ನೂ ಸುಮ್ಮನೇ ಇತ್ತು. ಅಪ್ಪನನ್ನು ಕರೆದಿದ್ದರೆ ಅರೆಗಳಿಗೆಯ ಕೆಲಸ.

ಅವಳು ಕರೆಯಲಿಲ್ಲ. ಹಾಳೆಯ ಕೊನೆಯ ಸಾಲಿನಲ್ಲಿ ದುಂಡಗೆ ಬರೆದಳು: 'ಭುಜ, ಒಬ್ಬಳೇ ಅಳೆಯೋಕೆ ಆಗಲ್ಲ ಅಣ್ಣಾ.'