ಮುಚ್ಚಳ ತೆಗೆಯಬೇಡಿ

"ಮುಚ್ಚಳ ತೆಗೀಬೇಡಿ ಮಾರಾಯ್ರೆ!" ಶರಣ್ಯಾ ಕುರ್ಚಿಯಿಂದಲೇ ಗದರಿದಳು. "ಒಮ್ಮೆ ತೆಗೆದ್ರೆ ಹೊಗೆಯೆಲ್ಲ ಹೋಗ್ತದೆ. ಮತ್ತೆ ಮೊದಲಿಂದ ಕಾಯ್ಬೇಕು."

ಲತೀಶ್ ಕಳ್ಳ ಬೆಕ್ಕಿನಂತೆ ಕೈ ಹಿಂದಕ್ಕೆಳೆದುಕೊಂಡ. ಕುವೈತಿನ ಮಿರ್ಕಾಬ್ ಪೇಟೆಯ ಹೋಟೆಲಿನಲ್ಲಿ ದಿನವಿಡೀ ಮಾಂಸ ಸುಡುವ ಅಡುಗೆಯವನಿಗೇ ಹೆಂಡತಿಯ ಪಾಠ! ಅಲ್ಲಾದರೆ ಎಲ್ಲದಕ್ಕೂ ಯಲ್ಲಾ, ಯಲ್ಲಾ, ಬೇಗ ಬೇಗ. ಕೆಂಡದ ಮೇಲೆ ಬಿದ್ದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ತಟ್ಟೆಗೆ ಬರಬೇಕು. ಇಲ್ಲಿ, ಫರ್ವಾನಿಯಾದ ಈ ಹಳೆಯ ಕಟ್ಟಡದ ತಾರಸಿಯ ಮೇಲೆ ನ್ಯಾಯವೇ ಬೇರೆ. ಗೆಳೆಯ ಡೆನಿಸನಿಂದ ಎರವಲು ತಂದ ಮುಚ್ಚಳದ ಗ್ರಿಲ್ಲಿನಲ್ಲಿ ಇದ್ದಿಲು ಒಂದು ಬದಿಗೆ, ಬ್ಯಾಡಗಿ ಮೆಣಸು, ಬೆಲ್ಲ, ಹುಣಸೆಹುಳಿ ಸವರಿದ ಪಕ್ಕೆಲುಬು ಇನ್ನೊಂದು ಬದಿಗೆ. ಬೆಂಕಿ ಮಾಂಸವನ್ನು ಮುಟ್ಟಬಾರದು. ನೆನೆಸಿಟ್ಟ ಮರದ ಚಕ್ಕೆಯ ಹೊಗೆಯಲ್ಲೇ ಅದು ಮೆತ್ತಗಾಗಬೇಕು.

ಈ ಬಯಕೆ ಹುಟ್ಟಿದ್ದು ಫೋನಿನಲ್ಲಿ. ಯಾವುದೋ ದೇಶದ ಗಡ್ಡದವನೊಬ್ಬ ಬೆಳಗಿನಿಂದ ಸಂಜೆಯವರೆಗೆ ಕೂತು ಹಂದಿಯ ಪಕ್ಕೆಲುಬನ್ನು ಹೊಗೆಯಲ್ಲಿ ಬೇಯಿಸುವ ವಿಡಿಯೋ ತೋರಿಸಿ, ಬಸುರಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಶರಣ್ಯಾ, "ನನಗೆ ಇದು ಬೇಕು" ಅಂದಿದ್ದಳು. ಲತೀಶ್ ತಲೆಗೆ ಕೈ ಹೊತ್ತುಕೊಂಡ. ಕುವೈತಿನಲ್ಲಿ ಹಂದಿಮಾಂಸವೇ? ಕಾನೂನೇ ಬಿಡುವುದಿಲ್ಲ. "ಕುರಿಯದ್ದಾದ್ರೂ ಅಡ್ಡಿ ಇಲ್ಲ. ಆದ್ರೆ ಹೀಗೇ ನಿಧಾನಕ್ಕೆ ಆಗ್ಬೇಕು" ಎಂದು ದಾರಿ ತೋರಿಸಿದವಳೂ ಅವಳೇ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಅವನ ಅಮ್ಮ ಊರಿನಿಂದ ಹೆದರಿಸಿದ್ದೂ ಆಯಿತು. ನಾಳೆ ಸಂಜೆ ಶರಣ್ಯಾಳಿಗೆ ಮಂಗಳೂರಿನ ವಿಮಾನ, ಹೆರಿಗೆ ತವರಿನಲ್ಲಿ. ಲತೀಶನಿಗೆ ಊರಿಗೆ ಹೋಗುವ ರಜೆ ಸಿಗುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿರುತ್ತದೆ. ಬಯಕೆ ತೀರಿಸಲು ಹೋಟೆಲಿನಿಂದ ಬಿಡುವು ಸಿಕ್ಕ ಇವತ್ತೊಂದೇ ದಿನ ಅವನ ಕೈಯಲ್ಲಿತ್ತು.

ಚಳಿಗಾಲದ ಬಿಸಿಲು ಎಳೆಯದಾಗಿತ್ತು. ಮುಚ್ಚಳದ ಸಂದಿಯಿಂದ ಹೊರಟ ನೀಲಿ ಹೊಗೆ ನೀರಿನ ಟ್ಯಾಂಕುಗಳನ್ನು ಬಳಸಿ, ಒಣಹಾಕಿದ ಬಟ್ಟೆಗಳ ನಡುವೆ ತೂರಿ, ಎಲ್ಲಿಗೂ ಹೋಗುವ ಅವಸರವಿಲ್ಲದೆ ಮೇಲೇರುತ್ತಿತ್ತು. ಅದರಾಚೆ ವಿಮಾನಗಳು ಹೊಟ್ಟೆ ಕಾಣುವಷ್ಟು ತಗ್ಗಿನಲ್ಲಿ ತೇಲಿ ಇಳಿಯುತ್ತಿದ್ದವು. ನೋಡುತ್ತಾ ನೋಡುತ್ತಾ ಲತೀಶನಿಗೆ ತಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆತಂತಾಯಿತು. ಹೀಗೆ ಸುಮ್ಮನೆ ಕೂತು ಎಷ್ಟು ಕಾಲವಾಗಿತ್ತೋ!

"ಎಂತಾದ್ರೂ ಮಾತಾಡಿ" ಅಂದಳು ಶರಣ್ಯಾ.

"ಎಂತ ಮಾತಾಡುದು?"

"ಸಣ್ಣದಿರುವಾಗಿನದ್ದು ಎಂತಾದ್ರೂ."

ಲತೀಶ್ ಮಾತಿನ ಮಲ್ಲನಲ್ಲ. ಆದರೆ ಹೊಗೆಯ ಮುಂದೆ ಕೂತವನಿಗೆ ಬೇರೆ ಕೆಲಸವಾದರೂ ಏನು? ಮೊದಲು ತಡೆತಡೆದು, ಆಮೇಲೆ ತನಗೆ ತಾನೇ ಎಂಬಂತೆ ಹೇಳುತ್ತಾ ಹೋದ. ಶಾಂಭವಿ ಹೊಳೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಲು ಹೋಗುತ್ತಿದ್ದದ್ದು, ಕಾಲಡಿಯ ಕೆಸರಿನಲ್ಲಿ ಚಿಪ್ಪುಗಳನ್ನು ಹುಡುಕುತ್ತಿದ್ದದ್ದು, ಉಸಿರು ಕಟ್ಟಿ ನೀರಿನಡಿ ಕೂತುಬಿಡುತ್ತಿದ್ದದ್ದು. "ದಡದಿಂದ ಅಮ್ಮ ಕೂಗಿದ್ರೆ ಎಲ್ಲೋ ದೂರದಲ್ಲಿ ಯಾರೋ ಹಾಡಿದ ಹಾಗೆ" ಅಂದ.

"ನೀರಿನೊಳಗೂ ಕೇಳಿಸ್ತದಾ?"

"ಕೇಳಿಸ್ತದೆ. ಎಂತ ಹೇಳಿದ್ದು ಅಂತ ಗೊತ್ತಾಗುದಿಲ್ಲ. ಆದ್ರೆ ಅಮ್ಮನ ಸ್ವರ ಅಂತ ಗೊತ್ತಾಗ್ತದೆ."

ಶರಣ್ಯಾ ಕುರ್ಚಿಯನ್ನು ಎಳೆದುಕೊಂಡು ಅವನಿಗೆ ತಾಗಿ ಕೂತಳು. "ಹ್ಞೂಂ, ಮತ್ತೆ?" ಅಂದಳು. ಕಣ್ಣು ಮುಚ್ಚಿತ್ತು, ಕೈ ಹೊಟ್ಟೆಯ ಮೇಲಿತ್ತು. ನಿದ್ದೆ ಹೋದಳೇನೋ ಎಂದು ಅವನು ಮಾತು ನಿಲ್ಲಿಸಿದಾಗಲೆಲ್ಲ ಅದೇ "ಮತ್ತೆ?" ಕೇಳುತ್ತಿತ್ತು. ಅವನು ಚಕ್ಕೆ ಹಾಕಿದ, ಕತೆ ಹೇಳಿದ, ಮತ್ತೆ ಚಕ್ಕೆ ಹಾಕಿದ. ಹೊಳೆ ಮುಗಿದು ಶಾಲೆ ಬಂತು, ಶಾಲೆ ಮುಗಿದು ಮುಂಬಯಿಯ ಹೋಟೆಲು ಬಂತು. ಬಿಸಿಲು ಟ್ಯಾಂಕುಗಳ ಹಿಂದೆ ಜಾರಿತು.

ಮುಚ್ಚಳ ತೆಗೆದಾಗ ಮಸೀದಿಯಲ್ಲಿ ಸಂಜೆಯ ಬಾಂಗ್ ಮುಗಿದಿತ್ತು. ಒಳಗೆ ಪಕ್ಕೆಲುಬು ಮಾಗಿದ ಹಲಸಿನ ತೊಳೆಯಂತೆ ಹೊಳೆಯುತ್ತಿತ್ತು. ಲತೀಶ್ ಅವಸರದಿಂದ ಕೈ ಹಾಕಿ ಬೆರಳು ಸುಟ್ಟುಕೊಂಡ.

"ಬೇಯುವ ತನಕ ಕಾದವರಿಗೆ ಆರುವ ತನಕ ಕಾಯ್ಲಿಕ್ಕೆ ಎಂತ?" ಶರಣ್ಯಾ ನಕ್ಕಳು.

ಆರಿದ ಮೇಲೆ ಎಲುಬನ್ನು ಹಿಡಿದದ್ದೇ ತಡ, ಮಾಂಸ ತಾನಾಗಿ ಕಳಚಿಕೊಂಡಿತು. ಅವಳು ಒಂದು ತುಂಡು ತಿಂದಳು. ಇನ್ನೊಂದನ್ನು ಅವನ ಬಾಯಿಗಿಟ್ಟು, ತಟ್ಟೆಯನ್ನು ಅವನ ಕಡೆಗೆ ಸರಿಸಿದಳು. "ಸಾಕು" ಅಂದಳು.

ಲತೀಶನ ಮುಖ ಸಪ್ಪಗಾಯಿತು. ಇಡೀ ದಿನದ ಬೆಂಕಿ ಒಂದು ತುತ್ತಿಗೆ ಮುಗಿಯಿತೇ? ಬಯಕೆ ತೀರಲಿಲ್ಲವೆಂದೇ ಅವನಿಗೆ ಖಚಿತವಾಯಿತು.

"ಹಂದಿಯದ್ದೇ ಆಗ್ಬೇಕಿತ್ತಾ?" ಎಂದು ಕೇಳಿದ. ದನಿ ಸಣ್ಣದಾಗಿತ್ತು.

"ಹಂದಿ ಯಾರಿಗೆ ಬೇಕಿತ್ತು ಮಾರಾಯ್ರೆ? ನಾನು ಏಳುವ ಮೊದಲು ಹೋಗ್ತೀರಿ, ಮಲಗಿದ ಮೇಲೆ ಬರ್ತೀರಿ. ಹತ್ರ ಕೂತು ಕಾಯ್ಲೇಬೇಕಾದ ಅಡಿಗೆ ಯಾವುದುಂಟು ಅಂತ ಫೋನಲ್ಲಿ ಹುಡುಕಿದೆ. ಇದು ಸಿಕ್ಕಿತು."

ಅವಳು ಅವನ ಮಸಿ ಹಿಡಿದ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಮೆಲ್ಲನೆ ಒಂದು ಒದೆತ ಬಿತ್ತು.

"ಇಡೀ ದಿನ ಅಪ್ಪನ ಸ್ವರ ಕೇಳಿದೆ ಇದು" ಅಂದಳು. "ಇನ್ನು ಇದರ ಕಿವಿ ಸೋರುದಿಲ್ಲ."