ರೊಟ್ಟಿ ಜ್ಯೂಸು

"ಇದರಾಗ ರೊಟ್ಟಿ ಹಾಕಿದ್ರ ನುಣ್ಣಗ ಆಗತೈತೇನ್ರಿ, ಸಾವ್ಕಾರ್ರ?"

ಮೈಲವ್ವ ಕೇಳಿದ್ದಕ್ಕೆ ಅಂಗಡಿಯ ಶಶಿಕಾಂತ ಜ್ಯೂಸರಿನ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ರಾಣೆಬೆನ್ನೂರಿನ ಈ ಅಂಗಡಿಯಲ್ಲಿ ಅವನು ಎಂತೆಂಥ ಗಿರಾಕಿಗಳನ್ನೋ ಕಂಡಿದ್ದ. ಮಿಕ್ಸರಿಗೆ ಇಡೀ ಅರಿಷಿಣ ಕೊಂಬು ಹಾಕಿ ಬ್ಲೇಡು ಮುರಿದುಕೊಂಡು ಜಗಳಕ್ಕೆ ಬಂದವರನ್ನೂ ಚಹಾ ಕುಡಿಸಿ ಕಳಿಸಿದ್ದ. ರೊಟ್ಟಿಯ ಜ್ಯೂಸು ಕೇಳಿದವಳು ಮಾತ್ರ ಇವಳೇ ಮೊದಲು.

"ಅಕ್ಕಾರ, ಇದು ಜ್ಯೂಸರ್ ಐತ್ರಿ. ಮೋಸಂಬಿ, ದಾಳಿಂಬ್ರಿ, ಗಜ್ಜರಿ ಹಾಕಬೇಕು. ರಸ ಈ ಕಡೆ ಬರತೈತಿ, ಚರಟ ಆ ಕಡೆ ಬೀಳತೈತಿ."

"ಹೌದ್ರಿ? ಹಂಗಾದ್ರ ರೊಟ್ಟಿ ಯಾವ ಕಡೆ ಹೋಗತೈತ್ರಿ?"

ಶಶಿಕಾಂತ ಜ್ಯೂಸರನ್ನು ತಿರುಗಿಸಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದ. ಮಗಳು ಸುನಿತಾ ತಾಯಿಯ ಸೆರಗು ಜಗ್ಗಿದಳು. "ಯವ್ವಾ, ಮಂದಿ ನೋಡಾಕತ್ತಾರ. ಡಾಕ್ಟರ್ ಜ್ಯೂಸ್ ಕೊಡ್ರಿ ಅಂದಾರಲ್ಲ, ಜ್ಯೂಸರ್ ತಗೊಂಡು ನಡಿ."

ಡಾಕ್ಟರು ಅಂದಿದ್ದು ಹೌದು. ಮೈಲವ್ವನ ಗಂಡ ಅಂಜಿನಪ್ಪ ದೇವರಗುಡ್ಡದ ತಿರುವಿನಲ್ಲಿ ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡಿದ್ದ. ಎಲುಬು ಕೂಡುವ ತನಕ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದರು. ಏನಿದ್ದರೂ ಸ್ಟ್ರಾ ಹಾಕಿ ಹೀರಬೇಕು. ನೋಡಲು ಬಂದವರೆಲ್ಲ ಎಳನೀರು, ಮೋಸಂಬಿ ತಂದು ಮಂಚದ ಕೆಳಗೆ ರಾಶಿ ಹಾಕಿದರು. ಹಲ್ಲು ಬಂದಾಗಿನಿಂದ ಜೋಳದ ರೊಟ್ಟಿ, ಕೆಂಪು ಖಾರ ಉಂಡ ನಾಲಗೆಗೆ ಆ ಸಿಹಿ ಹಿಡಿಸಲಿಲ್ಲ. ಎರಡು ಗುಟುಕು ಹೀರುವುದು, ಲೋಟ ಸರಿಸುವುದು, ಗೋಡೆಯ ಕಡೆ ಹೊರಳುವುದು. ಹೀಗೇ ಮೈ ಇಳಿಯುತ್ತ ಹೋದರೆ ಮತ್ತೆ ಆಸ್ಪತ್ರೆಗೆ ಭರ್ತಿ ಮಾಡಿ ಮೂಗಿನಿಂದ ನಳಿಕೆ ಇಳಿಸಬೇಕಾಗುತ್ತದೆ ಎಂದು ಡಾಕ್ಟರು ಗದರಿಸಿದ್ದರು.

ಮೈಲವ್ವನಿಗೆ ಅದಕ್ಕಿಂತ ಹೆಚ್ಚಿನ ಹೆದರಿಕೆ ಬೇರೆ ಇತ್ತು. ಗಂಡ ತಕರಾರು ಮಾಡುವುದನ್ನೇ ಬಿಟ್ಟಿದ್ದ. ಮದುವೆಯಾದಂದಿನಿಂದ ಒಂದು ಊಟವನ್ನೂ ಅವನು 'ಉಪ್ಪು ಕಡಿಮಿ' ಎನ್ನದೆ ಉಂಡವನಲ್ಲ. ಇವಳೂ 'ನಿಮ್ಮ ನಾಲಿಗಿಗೆ ಸಮುದ್ರಾನ ತರಬೇಕು' ಎನ್ನದೆ ಬಡಿಸಿದವಳಲ್ಲ. ಈಗ ಹಲ್ಲು ಕಚ್ಚಿಕೊಂಡೇ ನಾಲ್ಕು ಮಾತಾಡಬಹುದು ಎಂದು ಡಾಕ್ಟರೇ ಹೇಳಿದ್ದರೂ ಅಂಜಿನಪ್ಪ ತುಟಿ ಬಿಚ್ಚುತ್ತಿರಲಿಲ್ಲ. ಮನೆಯೊಳಗಿನ ಆ ಮೌನ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಅವಳು ಕೈಚೀಲದಿಂದ ಗಂಟು ತೆಗೆದು ಬಿಚ್ಚಿದಳು. ರೊಟ್ಟಿ, ಬೆಳ್ಳುಳ್ಳಿ ಹಾಕಿದ ಬದನೆಕಾಯಿ ಪಲ್ಯ, ಬಾಟಲಿಯಲ್ಲಿ ಬೇಳೆಯ ಕಟ್ಟು.

"ಈಕಿ ಅಪ್ಪನ ಬಾಯಿಗೆ ತಂತಿ ಕಟ್ಯಾರ್ರಿ. ತೋರಸಾಕ ಇಟ್ಟ ಮಿಕ್ಸರ್ ಇರತಾವಲ್ಲ, ಅದರಾಗ ಇದನ್ನ ಹಾಕಿ ನೋಡೂಣ್ರಿ."

"ಅಕ್ಕಾರ, ಬಳ್ಳೊಳ್ಳಿ ವಾಸನಿ ಜಾರಿನಿಂದ ಹೋಗಂಗಿಲ್ರಿ."

"ಹೋಗದಿದ್ರ ಛಲೋನ ಆತು. ವಾಸನಿ ಹಿಡಕೊಂಡು ಗಿರಾಕಿ ಬರತಾರ ತಗೋರಿ."

ಶಶಿಕಾಂತ ನಗುತ್ತ ಸೋತ. ಮೊದಲು ಒಂದು ಚೆಂದದ ತೆಳ್ಳನೆಯ ಬ್ಲೆಂಡರಿನಲ್ಲಿ ರೊಟ್ಟಿ ಮುರಿದು ಹಾಕಿ, ಪಲ್ಯ, ಕಟ್ಟು ಸುರಿದು ತಿರುಗಿಸಿದ. ಮೈಲವ್ವ ಅದನ್ನು ಲೋಟಕ್ಕೆ ಬಗ್ಗಿಸಿ, ಹಲ್ಲಿಗೆ ಹಲ್ಲು ಗಟ್ಟಿಯಾಗಿ ಕಚ್ಚಿ, ತುಟಿಯಲ್ಲಿ ಸ್ಟ್ರಾ ಹಿಡಿದು ಹೀರಿದಳು. ರೊಟ್ಟಿಯ ಅಂಚಿನ ಚೂರು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ನೋಡಲು ಎಷ್ಟು ಚೆಂದವಿದ್ದರೇನು, ಊಟಕ್ಕಿಲ್ಲದ ಉಪ್ಪಿನಕಾಯಿ! ಶಶಿಕಾಂತ ಮೂಲೆಯಲ್ಲಿದ್ದ ದಪ್ಪ ಮೋಟಾರಿನ ಮಿಕ್ಸರ್ ಎಳೆದ. ಅದು ಇಡೀ ಅಂಗಡಿ ನಡುಗುವ ಹಾಗೆ ಗುರ್ರೆಂದಿತು. ಮೈಲವ್ವ ಮತ್ತೆ ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಹೀರಿದಳು. ಈ ಸಲ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಲ್ಲಿಯವರೆಗೆ ನಾಚಿಕೊಂಡು ನಿಂತಿದ್ದ ಸುನಿತಾಳಿಗೆ ತಾಯಿಯ ಆ ಬಿಗಿದ ದವಡೆ ನೋಡಿ ಅಳು ಬಂತು.

"ಇದನ್ನ ಕಟ್ರಿ," ಎಂದಳು ಮೈಲವ್ವ, ತುಟಿ ಒರೆಸಿಕೊಳ್ಳುತ್ತ.

ಸಂಜೆ ದೇವರಗುಡ್ಡದ ಅವರ ಅಡುಗೆಮನೆಯಲ್ಲಿ ಮಿಕ್ಸರ್ ಗುರ್ರೆಂದಿತು. ರೊಟ್ಟಿ, ಪಲ್ಯ, ಬೇಳೆಕಟ್ಟು, ಮೇಲೊಂದು ಚಿಟಿಕೆ ಬ್ಯಾಡಗಿ ಖಾರ. ಬಣ್ಣ ಹೆಚ್ಚು, ಉರಿ ಕಡಿಮೆ, ಬಾಯಿಯ ಗಾಯಕ್ಕೆ ತಾಕದು. ಲೋಟ ಹಿಡಿದು ಮೈಲವ್ವ ಮಂಚದ ಹತ್ತಿರ ಹೋದಳು. ಅಂಜಿನಪ್ಪ ಗೋಡೆಯ ಕಡೆ ಮುಖ ಮಾಡಿದ್ದ. ಲೋಟ ಸರಿಸಲು ಅಭ್ಯಾಸದಂತೆ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಬಳ್ಳೊಳ್ಳಿಯ ವಾಸನೆಗೆ ಮೂಗು ತಿರುಗಿತು, ಅದರ ಹಿಂದೆ ಮುಖ.

ಅವನು ಒಂದು ಗುಟುಕು ಹೀರಿದ. ಇನ್ನೊಂದು. ಮೈಲವ್ವ ಎಡಗೈಯ ಮುಷ್ಟಿ ಬಿಗಿಹಿಡಿದು ನಿಂತಳು. ಲೋಟ ಅರ್ಧಕ್ಕೆ ಬಂದಾಗ ಅಂಜಿನಪ್ಪ ಸ್ಟ್ರಾ ಬಿಟ್ಟು, ಹುಬ್ಬು ಗಂಟಿಕ್ಕಿ ಹೆಂಡತಿಯನ್ನು ನೋಡಿದ. ತಂತಿ ಬಿಗಿದ ಹಲ್ಲಿನ ಸಂದಿಯಿಂದ ಮಾತು ಕಷ್ಟಪಟ್ಟು ಹೊರಗೆ ಬಂತು.

"ಉಪ್ಪ... ಕಡಿಮಿ."

ಸುನಿತಾ ಅಡುಗೆಮನೆಗೆ ಓಡಿ ಜಾರಿನ ತಳಕ್ಕೆ ಬೆರಳು ಹಾಕಿ ನೆಕ್ಕಿ ನೋಡಿದಳು. "ಕಡಿಮಿ ಅಲ್ಲಬೇ ಯವ್ವಾ, ನೀ ಉಪ್ಪ ಹಾಕೇ ಇಲ್ಲ! ಮರತಿಯೇನ?"

"ನಿಮ್ಮ ನಾಲಿಗಿಗೆ ಸಮುದ್ರಾನ ತರಬೇಕು ನೋಡ್ರಿ," ಎನ್ನುತ್ತ ಮೈಲವ್ವ ಲೋಟದ ಮೇಲೆ ಎಡಗೈಯ ಮುಷ್ಟಿ ಬಿಚ್ಚಿದಳು. ಆಗಿನಿಂದ ಹಿಡಿದುಕೊಂಡೇ ನಿಂತಿದ್ದ ಉಪ್ಪು ಬೆವರಿಗೆ ಅರ್ಧ ಕರಗಿಹೋಗಿತ್ತು.