ಮೂರು ಸೆಕೆಂಡಿನ ಮುಖ

"ಹತ್ತೊಂಬತ್ತನೇ ಶಾಟ್ ತೆಗೆದುಹಾಕ್ತೀನಿ," ಅಂದ ಡೈರೆಕ್ಟರ್, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಪಕ್ಕದ ಕುರ್ಚಿಯಲ್ಲಿ ದೆವ್ವ ಕೂತಿತ್ತು. ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಎತ್ತರದ ಒಣಕಲು ಮೈ, ಮಂಡಿ ಮುಟ್ಟುವ ಕೂದಲು. ತರಗತಿಯಲ್ಲಿ ಯಾರು ಭಯದ ಸಿನಿಮಾ ಮಾಡಿದರೂ ಬಿಳಿ ಬಟ್ಟೆ ಅವಳ ಪಾಲಿಗೆ. ಮೂರು ವರ್ಷ, ನಾಲ್ಕು ಸಿನಿಮಾ. ನಾಲ್ಕರಲ್ಲೂ ಬರೀ ಬೆನ್ನು, ಕೂದಲು, ಇಲ್ಲವೇ ಬಾಗಿಲ ಸಂದಿಯಲ್ಲಿ ಒಂದು ಕೈ. ಈ ಐದನೆಯದಕ್ಕೆ ಒಪ್ಪುವಾಗ ಅವಳು ಹಾಕಿದ್ದು ಒಂದೇ ಷರತ್ತು: ಒಂದು ಸಲವಾದರೂ ಮುಖ ಕಾಣಬೇಕು.

"ಶಾಟ್ ಪಟ್ಟಿಗೆ ನೀನೇ ಹಾಕಿದ್ದು," ಅಂದಳು. "ದೆವ್ವ ತಿರುಗುತ್ತದೆ, ಕ್ಲೋಸಪ್, ಮೂರು ಸೆಕೆಂಡ್. ನಿನ್ನ ಕೋಳಿಕಾಲಿನ ಅಕ್ಷರವೇ."

"ಬರೆದಿದ್ದೆ ತಾಯಿ, ಇಲ್ಲ ಅಂದ್ನಾ? ಕಾಗದದ ಮೇಲೆ ಚೆನ್ನಾಗಿತ್ತು. ಎಡಿಟ್‌ನಲ್ಲಿ ನೋಡಿದ್ರೆ, ಮುಖ ಬಂದ ತಕ್ಷಣ ಭಯ ಠುಸ್ ಅನ್ನುತ್ತೆ."

"ಪ್ರದರ್ಶನಕ್ಕೆ ಅಮ್ಮ ಬರ್ತಾಳೆ ಕಣೋ. ಹೋದ ವರ್ಷ ಪರದೆ ಮೇಲೆ ನನ್ನನ್ನ ಹುಡುಕಿ ಹುಡುಕಿ, ಕೊನೆಗೆ ಹೀರೋಯಿನ್‌ನ ಅಜ್ಜಿ ನೀನೇನಾ ಅಂತ ಕೇಳಿದ್ಳು."

ಡೈರೆಕ್ಟರ್‌ಗೆ ನಗು ಬಂತು. ಅವಳು ನಗಲಿಲ್ಲ. "ಸರಿ, ಅಟೆಂಡರಣ್ಣ ಹೇಳಿದ ಹಾಗೆ ಮಾಡೋಣ," ಅಂದ.

ಅದು ಕಾಲೇಜಿನ ಸಿನಿಮಾ ವಿಭಾಗದ ಪದ್ಧತಿ. ಭಯದ ಸಿನಿಮಾ ಯಾರದೇ ಇರಲಿ, ಮೊದಲು ಅಟೆಂಡರ್‌ಗೆ ತೋರಿಸಬೇಕು. ಅವನು ಬೆಚ್ಚಿದರೆ ಪಾಸು. ಊಟದ ಬಿಡುವಿನಲ್ಲಿ ಅವನು ಕೈ ಒರೆಸಿಕೊಳ್ಳುತ್ತ ಬಂದು ಕೂತ. ಅವಳು ಕನ್ನಡಕ ಮೂಗಿಗೇರಿಸಿ, ಜಡೆಯನ್ನು ಹಿಂದಕ್ಕೆ ಹಾಕಿ, ಅವನ ಕುರ್ಚಿಯ ಪಕ್ಕದಲ್ಲೇ ನಿಂತಳು.

ಮುಖವಿಲ್ಲದ ಪ್ರತಿ ಮೊದಲು. ಬಾಗಿಲು ತಾನಾಗಿ ತೆರೆದು, ಬಿಳಿ ಬೆನ್ನು ಕಂಡಾಗ ಅಟೆಂಡರ್ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡ. "ಥೂ ನಿಮ್ಮ! ತಿಂದಿದ್ದೆಲ್ಲ ಕರಗಿಹೋಯ್ತು."

ಆಮೇಲೆ ಮುಖವಿರುವ ಪ್ರತಿ. ಅದೇ ಬಾಗಿಲು, ಅದೇ ಬೆನ್ನು. ಕೂದಲು ಸರಿಯಿತು, ದೆವ್ವ ತಿರುಗಿ ಮೂರು ಸೆಕೆಂಡ್ ನೋಡಿತು. ಅಟೆಂಡರ್ ಕಾಲು ಕೆಳಗಿಳಿಸಿದ.

"ಇದ್ರಲ್ಲಿ ಹೆದರಿಕೆ ಇಲ್ಲಪ್ಪ. ಪಾಪ ಅನ್ಸುತ್ತೆ. ಮಾತಾಡಿಸೋರು ಯಾರೂ ಇಲ್ಲವೇನೋ ಅನ್ನೋ ಥರ ನೋಡ್ತಾಳೆ. ಯಾರದು, ಹೊರಗಿನ ಹುಡುಗೀನಾ?" ಅವಳತ್ತ ಕತ್ತೆತ್ತಿದ. "ನೀನೇ ಹೇಳಮ್ಮ, ಪಾಪ ಅನ್ಸಲ್ವಾ?"

ಮೂರು ವರ್ಷದಿಂದ ವಾರಕ್ಕೆರಡು ಸಲ ಅವಳ ಕೈಗೆ ಟ್ರೈಪಾಡ್ ಕೊಟ್ಟು ಸಹಿ ಹಾಕಿಸಿಕೊಂಡ ಮನುಷ್ಯ. ಡೈರೆಕ್ಟರ್ ಬಾಯಿ ತೆರೆದ. ಅವಳು ಅವನ ಭುಜ ಒತ್ತಿದಳು.

"ಅನ್ಸುತ್ತೆ ಅಣ್ಣ," ಅಂದಳು. "ಹೊರಗಿನವಳೇ."

ಅಟೆಂಡರ್ ಹೋದ ಮೇಲೆ ಡೈರೆಕ್ಟರ್ ಮೊದಲ ಸಲ ಅವಳ ಕಡೆ ತಿರುಗಿ ಕೂತ. "ಬೇಕಾದ್ರೆ ಇರ್ಲಿ ಬಿಡು. ಮೂರು ಸೆಕೆಂಡ್ ತಾನೇ."

"ಬೇಡ. ಸಿನಿಮಾ ಕೆಡುತ್ತೆ."

"ಅಮ್ಮನಿಗೆ?"

"ಬರೋದು ಬೇಡ ಅಂತೀನಿ."

ಮೌಸನ್ನು ತನ್ನ ಕಡೆ ಎಳೆದುಕೊಂಡಳು. ಪರದೆಯ ಕೆಳಗೆ ಶಾಟ್‌ಗಳು ಸಾಲಾಗಿ ನಿಂತಿದ್ದವು. ಹತ್ತೊಂಬತ್ತನೆಯದನ್ನು ಅಳಿಸಿದಳು. ಇಪ್ಪತ್ತನೆಯದು ಸರಕ್ಕನೆ ಸರಿದು ಬಂದು ಹದಿನೆಂಟನೆಯದಕ್ಕೆ ಅಂಟಿಕೊಂಡಿತು. ನಡುವೆ ಒಂದು ಗೀರಿನಷ್ಟೂ ಜಾಗ ಉಳಿಯಲಿಲ್ಲ.